ಬುಕ್‌ಹೋಲ್ಜ್ ಅಲಾರಂ ಬಂದರೆ ಬರೀ ಗಾಳಿ ಎಂದು ಬಿಡಬಹುದೇ?

ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ 33/11 ಕೆವಿ, 5 ಎಂವಿಎ ಟ್ರಾನ್ಸ್‌ಫಾರ್ಮರ್ ಇದೆ. ಎಣ್ಣೆ ಶೋಧಿಸಿ ತುಂಬಿದ ಮೇಲೆ ಎರಡು ಬಾರಿ ಬುಕ್‌ಹೋಲ್ಜ್ (ಎಣ್ಣೆಯಿಂದ ಮೇಲೇರುವ ಅನಿಲವನ್ನು ಹಿಡಿದು ಎಚ್ಚರಿಸುವ ರಕ್ಷಣಾ ರಿಲೇ) ಅಲಾರಂ ಬಂದಿತು. ಡಿಫರೆನ್ಷಿಯಲ್ ರಿಲೇ ಸುಮ್ಮನಿದೆ. ಆದ್ದರಿಂದ ಒಳಗೆ ದೋಷವಿಲ್ಲ, ಗಾಳಿ ಬಿಟ್ಟು ರೀಸೆಟ್ ಮಾಡಿದರೆ ಸಾಕು ಎನ್ನುತ್ತಾರೆ ನಮ್ಮ ಮೇಲ್ವಿಚಾರಕರು. ಇದು ಸರಿಯೇ?

ಉತ್ತರ: ಅದು ಗಾಳಿಯೇ ಇರಬಹುದು. ಎಣ್ಣೆ ತುಂಬಿದ ಹೊಸದರಲ್ಲಿ ಒಳಗೆ ಸಿಕ್ಕಿಕೊಂಡ ಗಾಳಿ ಮೇಲೇರಿ ಅಲಾರಂ ಕೊಡುವುದು ಸಾಮಾನ್ಯ. ಆದರೆ ಅದಕ್ಕೆ ಡಿಫರೆನ್ಷಿಯಲ್ ರಿಲೇಯ ಮೌನವನ್ನು ಸಾಕ್ಷಿಯಾಗಿ ತರುವುದನ್ನು ನಾನು ಒಪ್ಪುವುದಿಲ್ಲ.

ಆ ರಿಲೇ ನೋಡುವುದು ಎರಡೂ ಬದಿಯ ಕರೆಂಟಿನ ವ್ಯತ್ಯಾಸವನ್ನು ಮಾತ್ರ. 500 ಸುತ್ತುಗಳ ಒಂದು ವೈಂಡಿಂಗಿನಲ್ಲಿ (ತಂತಿ ಸುರುಳಿಯಲ್ಲಿ) ಒಂದೇ ಸುತ್ತು ಶಾರ್ಟ್ ಆಗಿದೆ ಎನ್ನಿ. ಆ ಸುತ್ತಿನೊಳಗೆ ಸಾಮಾನ್ಯದ 50 ಪಟ್ಟು ಕರೆಂಟ್ ಹರಿದು ತಾಮ್ರ ಕರಗುತ್ತಿದ್ದರೂ, ಲೈನಿನಲ್ಲಿ ಹೆಚ್ಚುವುದು 50 ಭಾಗಿಸು 500, ಅಂದರೆ ಶೇ 10 ಮಾತ್ರ. ವೋಲ್ಟೇಜ್ ಹೊಂದಿಸುವ ಟ್ಯಾಪ್ ಬದಲಾವಣೆ, ಕರೆಂಟ್ ಅಳೆಯುವ ಸಿಟಿಗಳ (ಕರೆಂಟ್ ಟ್ರಾನ್ಸ್‌ಫಾರ್ಮರ್‌ಗಳ) ದೋಷ ಇವನ್ನೆಲ್ಲ ಲೆಕ್ಕ ಹಿಡಿದು ಡಿಫರೆನ್ಷಿಯಲ್ ರಿಲೇಯನ್ನು ಸಾಮಾನ್ಯವಾಗಿ ಶೇ 20ರಿಂದ 30ಕ್ಕೆ ಹೊಂದಿಸಿರುತ್ತಾರೆ. ಅದು ಏಳುವುದೇ ಇಲ್ಲ. ಸುಡುವ ಎಣ್ಣೆ ಮತ್ತು ಕಾಗದದಿಂದ ಹೊರಟ ಅನಿಲ ಮಾತ್ರ ಕನ್ಸರ್ವೇಟರ್‌ಗೆ (ಮೇಲಿನ ಎಣ್ಣೆ ತೊಟ್ಟಿಗೆ) ಹೋಗುವ ಕೊಳವೆಯಲ್ಲಿ ಬುಕ್‌ಹೋಲ್ಜ್‌ನ ಕೈಗೆ ಸಿಗುತ್ತದೆ. 1920ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈ ಎರಡು ತೇಲುಗಳ ಡಬ್ಬಿ ಡಿಜಿಟಲ್ ರಿಲೇಗಳ ಕಾಲದಲ್ಲೂ ಉಳಿದಿರುವುದಕ್ಕೆ ಕಾರಣ ಇದೇ.

ಆದ್ದರಿಂದ ಅನಿಲವನ್ನು ಹೊರಬಿಡುವ ಮೊದಲು ಅದನ್ನು ಹಿಡಿದಿಡಿ. ಅದಕ್ಕಾಗಿ ನೆಲಮಟ್ಟದವರೆಗೆ ಕೊಳವೆ ಇಳಿಸಿಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಆಫ್ ಮಾಡಿ, ಅರ್ಥಿಂಗ್ ಮಾಡಿದ ಮೇಲೆಯೇ ಹತ್ತಬೇಕು. ಬೆಂಕಿಕಡ್ಡಿ ಗೀರಿ ನೋಡುವ ಹಳೆಯ ಅಭ್ಯಾಸ ಬೇಡ. ಹೈಡ್ರೋಜನ್, ಅಸಿಟಿಲೀನ್ ಎರಡೂ ಹೊತ್ತಿಕೊಳ್ಳುವ ಅನಿಲಗಳು. ಸಿರಿಂಜಿನಲ್ಲಿ ಅನಿಲ, ಜೊತೆಗೆ ಎಣ್ಣೆಯ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿ. ಸಾರಜನಕ, ಆಮ್ಲಜನಕ ಮಾತ್ರ ಬಂದರೆ ಅದು ಗಾಳಿ. ಅಸಿಟಿಲೀನ್ ಗಮನಾರ್ಹವಾಗಿ ಇದ್ದರೆ ಒಳಗೆ ಆರ್ಕ್ ಆಗಿದೆ. ಎಥಿಲೀನ್ ಹೆಚ್ಚಿದ್ದರೆ ಎಣ್ಣೆ ಎಲ್ಲೋ ವಿಪರೀತ ಬಿಸಿಯಾಗುತ್ತಿದೆ: ಸಡಿಲ ಜೋಡಣೆ, ಸವೆದ ಟ್ಯಾಪ್ ಸಂಪರ್ಕ ಇಂಥವನ್ನು ಶಂಕಿಸಿ. ಇಂಗಾಲದ ಮಾನಾಕ್ಸೈಡ್ ಏರಿದ್ದರೆ ಕಾಗದದ ನಿರೋಧಕ ಸುಡುತ್ತಿರಬಹುದು. ನನಗೆ ಹೆಚ್ಚು ಆತಂಕ ಇದರದ್ದೇ, ಎಣ್ಣೆಯನ್ನು ಶೋಧಿಸಬಹುದು, ಕಾಗದವನ್ನಲ್ಲ. ಒಂದೇ ವರದಿ ನೋಡಿ ತೀರ್ಮಾನಿಸದೆ ಹಳೆಯ ವರದಿಗಳೊಂದಿಗೆ ಹೋಲಿಸಿ.

ಅಲಾರಮ್ಮುಗಳ ನಡುವಿನ ಅಂತರವನ್ನೂ ಬರೆದಿಡಿ. ಸಿಕ್ಕಿಕೊಂಡ ಗಾಳಿಯಾದರೆ ಅಂತರ ಬೆಳೆಯುತ್ತಾ ಹೋಗಿ ಅಲಾರಂ ನಿಲ್ಲುತ್ತದೆ. ಅಂತರ ಕುಗ್ಗುತ್ತಿದ್ದರೆ ವರದಿಗೆ ಕಾಯದೆ ಆಫ್ ಮಾಡಿ. ಕೆಳಗಿನ ತೇಲು ಕೆಲಸ ಮಾಡಿ ಬ್ರೇಕರ್ ಟ್ರಿಪ್ ಆಗಿದ್ದರಂತೂ ವೈಂಡಿಂಗ್ ರೆಸಿಸ್ಟೆನ್ಸ್, ಟರ್ನ್ಸ್ ರೇಶಿಯೋ, ಇನ್ಸುಲೇಷನ್ ಪರೀಕ್ಷೆಗಳು ಮುಗಿಯುವವರೆಗೆ, ಉತ್ಪಾದನೆ ನಿಂತರೂ ಸರಿ, ಮತ್ತೆ ಚಾರ್ಜ್ ಮಾಡಬೇಡಿ.