ಕೂತಾಗ ಜಾಕೆಟ್ ಗಂಟಲಿಗೆ ಒತ್ತುತ್ತಿದ್ದರೆ

ಪೊಲೀಸ್ ಗಸ್ತಿನ ಹೊಯ್ಸಳ ಗಾಡಿಯಲ್ಲಿ ಕೂತ ಕೂಡಲೇ ಬುಲೆಟ್‌ಪ್ರೂಫ್ ಜಾಕೆಟ್ ಮೇಲೆದ್ದು ಗಂಟಲಿಗೆ ಒತ್ತುತ್ತದೆ ಅಂದಿರಿ. ಬಹುಶಃ ಮುಂದಿನ ಪ್ಯಾನೆಲ್, ಅಂದರೆ ಗುಂಡು ತಡೆಯುವ ಒಳಪದರ, ನಿಮಗೆ ಉದ್ದವಾಗಿದೆ. ನಿಲ್ಲಿಸಿ ಅಳತೆ ನೋಡಿರುತ್ತಾರೆ, ಡ್ಯೂಟಿ ಮಾತ್ರ ಕೂತೇ ಅಲ್ವಾ! ಭುಜದ ಪಟ್ಟಿ ಸಡಿಲಾಗಿ ಜಾಕೆಟ್ ಕೆಳಗೆ ಜೋತುಬಿದ್ದಿದ್ದರೂ ಬೆಲ್ಟ್ ಅದನ್ನು ಮೇಲಕ್ಕೆ ತಳ್ಳುತ್ತದೆ. ನೋಡದೆ ಯಾವುದು ಅಂತ ಹೇಳಲಾರೆ, ಆದರೆ ಪರೀಕ್ಷೆ ಸುಲಭ.

ಡ್ಯೂಟಿ ಬೆಲ್ಟ್ ಹಾಕಿಕೊಂಡು ಕುರ್ಚಿಯಲ್ಲಿ ಕೂರಿ. ಮೊದಲು ಭುಜದ ಪಟ್ಟಿ ಸರಿಮಾಡಿ. ಮೇಲಂಚು ಗಂಟಲಿನ ಗುಳಿಗಿಂತ ಸ್ವಲ್ಪ ಕೆಳಗೆ, ಕೆಳಗಿನ ಅಂಚು ಬೆಲ್ಟಿಗಿಂತ ಎರಡು ಮೂರು ಬೆರಳು ಮೇಲಿರಬೇಕು. ಆಮೇಲೆ ಪಕ್ಕದ ಪಟ್ಟಿ. ಜೋರಾಗಿ ಉಸಿರೆಳೆದರೆ ಎದೆ ಹಿಡಿಯಬಾರದು. ಆಗಲೂ ಬೆಲ್ಟಿಗೆ ತಾಗಿದರೆ ಪಟ್ಟಿ ಎಳೆದು ಪ್ರಯೋಜನವಿಲ್ಲ, ಸೈಜ್ ಬದಲಿಸಿ ಅಂತ ಇಲಾಖೆಯ ಸ್ಟೋರಿಗೆ ಅರ್ಜಿ ಬರೆದುಕೊಡಿ. ಪ್ಯಾನೆಲ್ ಕತ್ತರಿಸಲು, ಹೊಲಿಸಲು ಮಾತ್ರ ಹೋಗಬೇಡಿ. ಇದೆಲ್ಲ ಮೆತ್ತನೆಯ ಜಾಕೆಟ್ಟಿನ ಮಾತು. ಗಟ್ಟಿ ಪ್ಲೇಟ್ ಇದ್ದರೆ ಅಳತೆ ಬೇರೆ.

ಬೆವರಿನ ವಾಸನೆಗೆ ಹೊರಗಿನ ಬಟ್ಟೆ ಮಾತ್ರ ಒಗೆಯಿರಿ. ಪ್ಯಾನೆಲ್ ಹೊರತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಮಟ್ಟಸವಾಗಿ ಮಲಗಿಸಿ ಒಣಗಿಸಿ. ಕ್ವಾರ್ಟರ್ಸ್ ಬಾಲ್ಕನಿಯ ಬಿಸಿಲಲ್ಲಿ ನೇತುಹಾಕುವವರನ್ನು ನೋಡಿದ್ದೇನೆ. ಪ್ಯಾನೆಲ್ಲಿನ ಕೆವ್ಲಾರ್ ನೂಲು ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ, ನೇತುಹಾಕಿದರೆ ಆಕಾರವೂ ಕೆಡುತ್ತದೆ. ಬ್ಲೀಚ್, ಇಸ್ತ್ರಿ ಬೇಡವೇ ಬೇಡ. ಏಪ್ರಿಲ್ ಸೆಕೆಯಲ್ಲಿ ಗಾಡಿಯ ಡಿಕ್ಕಿಯಲ್ಲೂ ಬಿಡಬೇಡಿ. ವಾಪಸ್ ಹಾಕುವಾಗ ಮೈ ಕಡೆಯ ಗುರುತು ಒಳಗೇ ಬರಲಿ. ಹಾಗೇ ಲೇಬಲ್ಲಿನಲ್ಲಿ ತಯಾರಾದ ತಿಂಗಳು, ವಾರಂಟಿ ಓದಿ. ಅವಧಿ ಮುಗಿದಿದ್ದರೆ ಅದನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ.