ಬ್ಯಾಂಗ್ಸ್ ಕತ್ತರಿಸಿಕೊಳ್ಳುವ ಮೊದಲು ಹಣೆಯ ಸುಳಿ ನೋಡಿಕೊಳ್ಳಿ

ಮೂರು ತಿಂಗಳಿಂದ ಯೋಚಿಸುತ್ತಿದ್ದೀರಿ, ನಿಮ್ಮದು ದುಂಡು ಮುಖ, ಹಣೆ ಸ್ವಲ್ಪ ಅಗಲ, ಬ್ಯಾಂಗ್ಸ್, ಅಂದರೆ ಹಣೆಯ ಮೇಲೆ ಬೀಳುವಂತೆ ಗಿಡ್ಡಗೆ ಕತ್ತರಿಸಿದ ಮುಂದಲೆ ಕೂದಲು, ಒಪ್ಪುತ್ತದಾ ಎಂದು ಕೇಳಿದ್ದೀರಿ. ನಾನು ಎರಡು ಸಲ ಕತ್ತರಿಸಿಕೊಂಡಿದ್ದೇನೆ. ಮೊದಲ ಸಲ ಪೂರ್ತಿ ಕೆಟ್ಟಿತು. ಎರಡನೇ ಸಲದ್ದನ್ನು ಈಗಲೂ ಇಟ್ಟುಕೊಂಡಿದ್ದೇನೆ, ತುಂಬಾ ಇಷ್ಟ. ಎರಡೂ ಸಲ ಮುಖ ಅದೇ ಅಲ್ವಾ? ಹಾಗಾಗಿ ಮುಖದ ಆಕಾರಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ದುಂಡು ಮುಖಕ್ಕೆ ಹುಬ್ಬಿನ ಮೇಲೆ ಗೆರೆ ಎಳೆದ ಹಾಗೆ ನೇರವಾಗಿ ಕತ್ತರಿಸಿದರೆ ಮುಖ ಇನ್ನೂ ಗಿಡ್ಡ ಕಾಣಬಹುದು, ನಡುವೆ ಬೈತಲೆ ತೆಗೆದು ಎರಡು ಕಡೆ ಇಳಿಬಿಟ್ಟರೆ ಉದ್ದ ಕಾಣುತ್ತದೆ. ಅಷ್ಟೇ.

ನೀವು ನೋಡಬೇಕಾದದ್ದು ಹಣೆಯ ಅಂಚಿನ ಸುಳಿ. ನೆತ್ತಿಯ ಸುಳಿ ಎಲ್ಲರಿಗೂ ಗೊತ್ತು. ಕೆಲವರಿಗೆ ಮುಂದಲೆಯಲ್ಲೂ ಒಂದು ಇರುತ್ತದೆ. ಕೂದಲು ಉದ್ದ ಇರುವವರೆಗೆ ಅದರ ಭಾರಕ್ಕೆ ಸುಳಿ ಗೊತ್ತೇ ಆಗುವುದಿಲ್ಲ. ಕತ್ತರಿಸಿದ ಕೂಡಲೇ ಭಾರ ಹೋಗಿ, ಬುಡ ಯಾವ ಕಡೆ ತಿರುಗಿದೆಯೋ ಕೂದಲು ಆ ಕಡೆಗೇ ಏಳುತ್ತದೆ.

ನನ್ನ ಸುಳಿ ಎಡಹುಬ್ಬಿನ ನೇರಕ್ಕಿದೆ. ಮೊದಲ ಸಲ ಅದು ನನಗೂ ಗೊತ್ತಿರಲಿಲ್ಲ, ಕತ್ತರಿಸಿದವರೂ ನೋಡಲಿಲ್ಲ. ತಲೆ ಒದ್ದೆ ಇರುವಾಗಲೇ ಬಾಚಿ, ಎಳೆದು ಹಿಡಿದು, ಸರಿಯಾಗಿ ಹುಬ್ಬಿನ ಮಟ್ಟಕ್ಕೆ ಕತ್ತರಿಸಿದರು. ಕನ್ನಡಿಯಲ್ಲಿ ಚೆನ್ನಾಗಿಯೇ ಇತ್ತು. ಒಣಗುತ್ತಾ ಬಂದ ಹಾಗೆ ಕೂದಲು ಬೆರಳಗಲ ಮೇಲಕ್ಕೆ ಹೋಯಿತು, ಎಡಗಡೆ ಸೀಳಿ ಬಾಯಿ ಬಿಟ್ಟುಕೊಂಡಿತು. ಅಂಗೈಯಿಂದ ಒತ್ತಿ ಹಿಡಿದೆ. ಕೈ ತೆಗೆದರೆ ಮತ್ತೆ ಅದೇ. ಮೂಗಿನ ಮೇಲೆ ಕೂದಲಿನ ಚೂರುಗಳು ಇನ್ನೂ ಅಂಟಿಕೊಂಡಿದ್ದವು. ಅವತ್ತು ಅಳು ಬಂತು.

ಸುಳಿ ಕಂಡುಹಿಡಿಯುವುದು ಸುಲಭ. ತಲೆಗೆ ಸ್ನಾನ ಮಾಡಿದ ಮೇಲೆ ಡ್ರೈಯರ್ ಹಾಕಬೇಡಿ, ಬಾಚಲೂ ಬೇಡಿ. ಮುಂದಲೆ ಕೂದಲನ್ನು ಮುಖದ ಮೇಲೆ ಬಿಟ್ಟು ಹಾಗೇ ಒಣಗಿಸಿ. ಅದು ತಾನಾಗಿ ಎಲ್ಲಿ ಸೀಳುತ್ತದೆ ನೋಡಿ. ಸುಳಿ ಇದ್ದರೆ ಬ್ಯಾಂಗ್ಸ್ ಬೇಡವೇ ಬೇಡ ಎಂದಲ್ಲ. ಸೀಳುವ ಜಾಗದಲ್ಲೇ ಬೈತಲೆ ಬರುವಂತೆ, ಕೆನ್ನೆಯ ಮೂಳೆಯವರೆಗೆ ಉದ್ದ ಬಿಟ್ಟು, ಪರದೆಯ ಹಾಗೆ ಎರಡು ಕಡೆ ಇಳಿಯುವ ಕರ್ಟನ್ ಬ್ಯಾಂಗ್ಸ್ ಮಾಡಿಸಿ. ನನ್ನ ಎರಡನೆಯದು ಅದೇ. ಕೂದಲು ಗುಂಗುರಾಗಿದ್ದರೆ ಒಣಗಿದ ಮೇಲೇ ಕತ್ತರಿಸಲು ಹೇಳಿ, ಅಂಥ ಕೂದಲು ಒಣಗುವಾಗ ಇನ್ನೂ ಜಾಸ್ತಿ ಮೇಲೇರುತ್ತದೆ.

ಇನ್ನೊಂದು, ದಿನಾ ಬೆಳಗ್ಗೆ ಐದು ಹತ್ತು ನಿಮಿಷ ಇದಕ್ಕೇ ಹೋಗುತ್ತದೆ. ಹಣೆಯ ಜಿಡ್ಡು, ಬೆವರು ಎಲ್ಲ ಅದಕ್ಕೇ ಹತ್ತುವುದರಿಂದ ಉಳಿದ ಕೂದಲಿಗಿಂತ ಬೇಗ ಅಂಟಂಟಾಗುತ್ತದೆ. ನಾನು ಹಿಂದಿನ ಕೂದಲನ್ನು ಕ್ಲಿಪ್ ಹಾಕಿ ಕಟ್ಟಿ, ಸಿಂಕಿನಲ್ಲಿ ಬ್ಯಾಂಗ್ಸ್ ಮಾತ್ರ ತೊಳೆಯುತ್ತೇನೆ. ಎಣ್ಣೆ, ಸೀರಮ್ ಅದಕ್ಕೆ ತಾಗಿಸುವುದಿಲ್ಲ, ಹಣೆಯಲ್ಲಿ ಮೊಡವೆ ಏಳುತ್ತವೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಹುಬ್ಬಿನ ಮಟ್ಟದ್ದಾದರೆ ತಿಂಗಳೊಳಗೇ ಕಣ್ಣಿಗೆ ಚುಚ್ಚಲು ಶುರು, ಟ್ರಿಮ್ ಮಾಡಿಸಬೇಕು. ಬೇಡ ಅನ್ನಿಸಿ ಬೆಳೆಸಲು ಬಿಟ್ಟರೆ ಗದ್ದದವರೆಗೆ ಬರಲು ಹೆಚ್ಚು ಕಡಿಮೆ ಒಂದು ವರ್ಷ. ಆ ನಡುವಿನ ತಿಂಗಳುಗಳಲ್ಲಿ ಅದು ಕಿವಿಯ ಹಿಂದೆಯೂ ನಿಲ್ಲುವುದಿಲ್ಲ, ಜುಟ್ಟಿಗೂ ಸಿಗುವುದಿಲ್ಲ. ಕ್ಲಿಪ್ಪೇ ಗತಿ.

ಮುಂದಲೆ ಕೂದಲು ಈಗಾಗಲೇ ಉದುರುತ್ತಿದ್ದರೆ ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ.

ಅಗಲ ಹಣೆಯ ಬಗ್ಗೆ ಒಂದು ಮಾತು. ಅದನ್ನು ಮುಚ್ಚಬೇಕು ಅನ್ನುವುದೊಂದೇ ಕಾರಣವಾದರೆ ನಾನು ಬೇಡ ಅನ್ನುತ್ತೇನೆ. ಮೊದಲ ಸಲ ನನ್ನ ಕಾರಣವೂ ಅದೇ ಆಗಿತ್ತು, ಅದೂ ಒಂದು ಕೆಟ್ಟ ವಾರದ ಕೊನೆಯಲ್ಲಿ, ಬೇಜಾರಿನಲ್ಲಿ. ಆಮೇಲೆ ಗಾಳಿ ಬೀಸಿದಾಗಲೆಲ್ಲ ಕೈ ಹಣೆಗೇ ಹೋಗುತ್ತಿತ್ತು. ಮೊದಲು ಹಣೆ ನೆನಪೇ ಆಗದ ದಿನಗಳಿದ್ದವು, ಮುಚ್ಚಿದ ಮೇಲೆ ಅಂಥ ಒಂದು ದಿನವೂ ಇರಲಿಲ್ಲ. ಬ್ಯಾಂಗ್ಸ್ ನೋಡಲು ಇಷ್ಟ, ಅದಕ್ಕೇ ಬೇಕು ಅನ್ನುವುದಾದರೆ ಖಂಡಿತ ಮಾಡಿಸಿ. ಮೂರು ತಿಂಗಳಾದರೂ ಆಸೆ ಹೋಗಿಲ್ಲ ಅಂದರೆ ಅದು ಸುಮ್ನೆ ಬಂದ ಆಸೆ ಇರಲಾರದು.

ಅದಕ್ಕೂ ಮೊದಲು ಕ್ಲಿಪ್ ಹಾಕುವ ಬ್ಯಾಂಗ್ಸ್ ತಂದು ಒಂದು ವಾರ ಹಾಕಿಕೊಳ್ಳಿ. ಫೋಟೋ ತೆಗೆಯಲು ಮಾತ್ರ ಅಲ್ಲ. ಕೆಲಸ ಮಾಡುವಾಗ, ಬಿಸಿಲಲ್ಲಿ ನಡೆಯುವಾಗ, ಕನ್ನಡಕ ಇದ್ದರೆ ಕನ್ನಡಕದ ಜೊತೆ. ಹಣೆ ತುರಿಸಿದರೂ ತೆಗೆದಿಡಬೇಕು ಅನ್ನಿಸದಿದ್ದರೆ ಕತ್ತರಿಸಿಕೊಳ್ಳಲು ಹೋಗಿ. ಕೂತ ಕೂಡಲೇ ಸುಳಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ಬ್ಯಾಂಗ್ಸಿನ ಅಗಲ ಕಣ್ಣುಗಳ ಹೊರ ಅಂಚನ್ನು ದಾಟಬಾರದು ಎಂದು ಹೇಳಿ. ಮೊದಲು ಮೂಗಿನ ತುದಿಯವರೆಗೆ ಬಿಟ್ಟು ಕತ್ತರಿಸಿ, ಪೂರ್ತಿ ಒಣಗಿದ ಮೇಲೆ ನೋಡಿ, ಬೇಕಾದರೆ ಇನ್ನಷ್ಟು ತೆಗೆಯಲಿ.