ಮಾರ್ಮನ್ನರ ಸ್ವರ್ಗಕ್ಕೆ ಎಷ್ಟು ಅಂತಸ್ತು?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಅಮೆರಿಕದ ಯೂಟಾ ರಾಜ್ಯದಿಂದ ಬಂದ ಸಹೋದ್ಯೋಗಿಯೊಬ್ಬರಿದ್ದಾರೆ. ಕ್ರಿಸ್ತನನ್ನು ನಂಬುವ ಮಾರ್ಮನ್ ಪಂಥದವರು. ಈಚೆಗೆ ಅವರ ತಂದೆ ತೀರಿಕೊಂಡರು. ಸಾಂತ್ವನ ಹೇಳಲು ಹೋದರೆ, "ಅಪ್ಪ ಈಗ ಅಮ್ಮನ ಜೊತೆ ಇದ್ದಾರೆ, ಅಲ್ಲೂ ಕೆಲಸ ಮಾಡ್ತಾ ಇರ್ತಾರೆ" ಅಂದರು. ಸತ್ತ ಮೇಲೆ ಎಂಥ ಕೆಲಸ? ಅವರಿಗೆ ಮೂರು ಸ್ವರ್ಗ ಇದೆ, ನರಕವೇ ಇಲ್ಲ ಅನ್ನೋದು ನಿಜವಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೆಲಸದ ವಿಷಯವನ್ನೇ ಮೊದಲು ಹೇಳುತ್ತೇನೆ. ಮಾರ್ಮನ್ನರ ನಂಬಿಕೆಯಲ್ಲಿ ಸತ್ತ ಕೂಡಲೇ ಯಾರೂ ಸ್ವರ್ಗ ಸೇರುವುದಿಲ್ಲ. ದೇಹ ಮಣ್ಣಿಗೆ ಹೋಗುತ್ತದೆ. ಆತ್ಮ ಆತ್ಮಲೋಕಕ್ಕೆ ಹೋಗಿ ಪುನರುತ್ಥಾನದ, ಅಂದರೆ ಸತ್ತವರು ದೇಹ ಸಮೇತ ಎದ್ದುಬರುವ, ದಿನಕ್ಕೆ ಕಾಯುತ್ತದೆ. ಆ ಲೋಕ ಎಲ್ಲಿದೆ? ಇಲ್ಲೇ, ಇದೇ ಭೂಮಿಯ ಮೇಲಿದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ ಎಂದು ಅವರ ಸಭೆಯ, ಅಂದರೆ ಚರ್ಚಿನ, ಎರಡನೇ ಅಧ್ಯಕ್ಷ ಬ್ರಿಗಂ ಯಂಗ್ ಬೋಧಿಸಿದ್ದರು. ಅದರಲ್ಲಿ ಎರಡು ಪಾಲು. ನಂಬಿಕೆಯಿಂದ ಬಾಳಿದವರಿಗೆ ನೆಮ್ಮದಿಯ ಪಾಲು, ಉಳಿದವರಿಗೆ ಸೆರೆ. ಸೆರೆ ಅಂದರೆ ಕೆಟ್ಟವರಷ್ಟೇ ಇರುವ ಜಾಗ ಅಂದುಕೊಳ್ಳಬೇಡಿ. ಯೇಸುವಿನ ಹೆಸರನ್ನೇ ಕೇಳದೆ ಸತ್ತವರೂ ಅಲ್ಲಿರುತ್ತಾರೆ. ಅವರಿಗೆ ಬೋಧನೆ ಮಾಡಲು ನೆಮ್ಮದಿಯ ಪಾಲಿನವರು ಹೋಗುತ್ತಾರೆ. ನಿಮ್ಮ ಸಹೋದ್ಯೋಗಿ ಹೇಳಿದ ಕೆಲಸ ಇದು.

ಈ ಚಿತ್ರ ಇಷ್ಟು ಸ್ಪಷ್ಟವಾಗಿದ್ದು 1918ರಲ್ಲಿ. ಆಗ ಸಭೆಯ ಅಧ್ಯಕ್ಷರಾಗಿದ್ದವರು ಜೋಸೆಫ್ ಎಫ್. ಸ್ಮಿತ್, ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಅವರ ಅಣ್ಣನ ಮಗ. ಐದು ವರ್ಷದ ಹುಡುಗನಾಗಿದ್ದಾಗಲೇ ಅಪ್ಪನನ್ನು ಕಳೆದುಕೊಂಡವರು. 1844ರಲ್ಲಿ ಇಲಿನಾಯ್ ರಾಜ್ಯದ ಕಾರ್ತೇಜ್ ಜೈಲಿಗೆ ನುಗ್ಗಿದ ಗುಂಪು ಅವರ ಅಪ್ಪ ಹೈರಂ, ಚಿಕ್ಕಪ್ಪ ಜೋಸೆಫ್ ಇಬ್ಬರನ್ನೂ ಗುಂಡಿಕ್ಕಿ ಕೊಂದಿತ್ತು. 1918ರ ಜನವರಿಯಲ್ಲಿ ಹಿರಿಯ ಮಗನೂ ತೀರಿಕೊಂಡ. ಹೊರಗೆ ಮಹಾಯುದ್ಧ, ಇನ್‌ಫ್ಲುಯೆಂಜಾ. ಅಕ್ಟೋಬರ್ 3ರಂದು ಬೈಬಲ್ ಓದುತ್ತಾ ಕೂತಿದ್ದಾಗ ತಮಗೆ ಆತ್ಮಲೋಕದ ದರ್ಶನವಾಯಿತು ಎಂದರು. ಶಿಲುಬೆಯ ಮರಣಕ್ಕೂ ಪುನರುತ್ಥಾನಕ್ಕೂ ನಡುವೆ ಯೇಸು ಅಲ್ಲಿಗೆ ಹೋಗಿ, ಒಳ್ಳೆಯ ಆತ್ಮಗಳಲ್ಲಿ ಬೋಧಕರನ್ನು ಆರಿಸಿ ಸೆರೆಯವರ ಬಳಿಗೆ ಕಳಿಸಿದ್ದನ್ನು ಕಂಡೆ ಎಂದು ಬರೆಸಿದರು. ನವೆಂಬರ್‌ನಲ್ಲಿ ಅವರೂ ತೀರಿಕೊಂಡರು. ಆ ಬರಹ ಈಗ ಅವರ ಧರ್ಮಗ್ರಂಥದ ಭಾಗ.

ಇನ್ನು ಮೂರು ಸ್ವರ್ಗ. ಹೌದು, ನಿಜ. ಇದರ ಹುಟ್ಟು 1832ರ ಫೆಬ್ರುವರಿ 16ಕ್ಕೆ ಹೋಗುತ್ತದೆ. ಒಹಾಯೊದ ಹೈರಂ ಎಂಬ ಊರಿನ ತೋಟದ ಮನೆಯಲ್ಲಿ ಜೋಸೆಫ್ ಸ್ಮಿತ್ ಮತ್ತು ಸಿಡ್ನಿ ರಿಗ್ಡನ್ ಬೈಬಲ್ ಪರಿಷ್ಕರಣೆ ಮಾಡುತ್ತಿದ್ದರು. ಇಬ್ಬರಿಗೂ ಒಟ್ಟಿಗೆ ದರ್ಶನವಾಯಿತಂತೆ. ಮುಗಿದಾಗ ರಿಗ್ಡನ್ ಬಿಳಿಚಿಕೊಂಡು ಕುಸಿದಿದ್ದರು, ಸ್ಮಿತ್ ಮಾತ್ರ ಆರಾಮಾಗಿದ್ದರು ಎಂದು ಆ ಕೋಣೆಯಲ್ಲಿದ್ದವರೊಬ್ಬರು ಮುಂದೆ ನೆನಪಿಸಿಕೊಂಡಿದ್ದಾರೆ. ಸಿಡ್ನಿಗೆ ಇದು ನನ್ನಷ್ಟು ಅಭ್ಯಾಸವಿಲ್ಲ ಎಂದು ಸ್ಮಿತ್ ನಕ್ಕರಂತೆ!

ಬೈಬಲ್‌ನಲ್ಲಿ ಸಂತ ಪೌಲ ಸೂರ್ಯ, ಚಂದ್ರ, ನಕ್ಷತ್ರಗಳ ಪ್ರಭೆ ಬೇರೆ ಬೇರೆ ಎಂದು ಹೇಳುವ ಮಾತೊಂದಿದೆ. ಮೂರು ಲೋಕಗಳಿಗೂ ಅದೇ ಹೋಲಿಕೆ. ಮೇಲಿನದು ಸೆಲೆಸ್ಟಿಯಲ್, ಸೂರ್ಯನ ಪ್ರಭೆ. ತಂದೆ ದೇವರು ಇರುವುದು ಅಲ್ಲಿ. ನಡುವಿನದು ಟೆರೆಸ್ಟ್ರಿಯಲ್, ಚಂದ್ರನ ಪ್ರಭೆ; ಸಜ್ಜನರೇ, ಆದರೆ ಜಗತ್ತಿನ ಮರುಳಿಗೆ ಸಿಕ್ಕಿ ಸತ್ಯವನ್ನು ಪೂರ್ತಿ ಒಪ್ಪದವರಿಗೆ. ಅಲ್ಲಿಗೆ ಯೇಸು ಬರುತ್ತಾನೆ, ತಂದೆ ಬರುವುದಿಲ್ಲ. ಕೆಳಗಿನದು ಟೆಲೆಸ್ಟಿಯಲ್, ನಕ್ಷತ್ರದ ಪ್ರಭೆ. ಸುಳ್ಳುಗಾರರು, ವ್ಯಭಿಚಾರಿಗಳು ಆತ್ಮಲೋಕದ ಸೆರೆಯಲ್ಲಿ ಬಹುಕಾಲ ನರಳಿ ಕೊನೆಗೆ ಸೇರುವ ಲೋಕ ಇದು. ಆ ಕೆಳಗಿನ ಲೋಕದ ವೈಭವವೂ ಮನುಷ್ಯನ ಊಹೆಗೆ ಮೀರಿದ್ದು ಎಂದು ಅದೇ ದರ್ಶನ ಹೇಳುತ್ತದೆ. ಕಳ್ಳನಿಗೂ ಇಷ್ಟು ಸಿಗುತ್ತದೆ ಅಂದರೆ ಆ ಕಾಲದ ಕ್ರೈಸ್ತರಿಗೆ ಹೇಗನ್ನಿಸಿರಬೇಕು, ಯೋಚಿಸಿ. ಸ್ವರ್ಗ ಇಲ್ಲವೇ ಬೆಂಕಿ ಎಂದೇ ಕೇಳುತ್ತ ಬೆಳೆದವರು ಅವರು. ನಾನು ಕಲಿತದ್ದಕ್ಕೆ ಇದು ಪೂರಾ ವಿರುದ್ಧವಾಗಿತ್ತು ಎಂದು ಬ್ರಿಗಂ ಯಂಗ್ ಕೂಡ ಒಪ್ಪಿಕೊಂಡಿದ್ದಾರೆ.

ಹಾಗಾದರೆ ನರಕ? ಸೆರೆಯ ನರಳಿಕೆಯನ್ನೇ ಅವರು ನರಕ ಅನ್ನುತ್ತಾರೆ. ಅದಕ್ಕೆ ಕೊನೆಯಿದೆ. ಕೊನೆಯಿಲ್ಲದ್ದು ಒಂದಿದೆ, ಹೊರಗತ್ತಲು. ಅದು ಸೈತಾನನಿಗೆ, ಅವನ ಹಿಂದೆ ಹೋದ ಆತ್ಮಗಳಿಗೆ, ಮತ್ತೆ ದೇವರ ಸತ್ಯವನ್ನು ಪೂರ್ತಿ ಬಲ್ಲವರಾಗಿದ್ದೂ ಬೇಕೆಂದೇ ತಿರಸ್ಕರಿಸಿದ ಬೆರಳೆಣಿಕೆಯ ಮನುಷ್ಯರಿಗೆ. ನೀವು ನಾವು ಅಲ್ಲಿಗೆ ಹೋಗುವಷ್ಟು ಅರ್ಹತೆ ಗಳಿಸುವುದು ಕಷ್ಟ.

ನಮ್ಮಲ್ಲಿ ಕೆಲವರು ಇದನ್ನು ಕೇಳಿ "ನಮ್ಮ ಕರ್ಮಸಿದ್ಧಾಂತದ ಹಾಗೇ ಇದೆ" ಅನ್ನುತ್ತಾರೆ. ಹಾಗಲ್ಲ. ಅವರಲ್ಲಿ ಮರುಜನ್ಮ ಇಲ್ಲವೇ ಇಲ್ಲ. ಹುಟ್ಟುವ ಮೊದಲು ಎಲ್ಲರೂ ದೇವರ ಬಳಿ ಆತ್ಮಗಳಾಗಿ ಇದ್ದೆವು, ಹುಟ್ಟಿದಾಗ ಆ ನೆನಪಿಗೆ ಪರದೆ ಬಿತ್ತು ಎಂದು ನಂಬುತ್ತಾರೆ. ಆದರೆ ಭೂಮಿಗೆ ಬರುವುದು ಒಂದೇ ಸಲ. ದೇಹದಿಂದ ಬಿಡುಗಡೆ ಬೇಕು ಎಂಬ ಆಸೆಯೂ ಅವರಿಗಿಲ್ಲ. ಪುನರುತ್ಥಾನದಲ್ಲಿ ಇದೇ ದೇಹ, ಮಾಂಸ ಮೂಳೆ ಸಮೇತ, ರೋಗವಿಲ್ಲದೆ ವಾಪಸ್ ಬರುತ್ತದೆ. ದೇವರಿಗೂ ಮಾಂಸ ಮೂಳೆಯ ದೇಹವಿದೆ ಅನ್ನುತ್ತದೆ ಅವರ ಗ್ರಂಥ.

ಪ್ರಶ್ನೆ: ಸತ್ತವರಿಗೂ ಇವರು ಬ್ಯಾಪ್ಟಿಸಂ ಮಾಡುತ್ತಾರೆ, ಗಾಂಧೀಜಿಯನ್ನೂ ಬಿಟ್ಟಿಲ್ಲ ಎಂದು ಓದಿದೆ. ನಮ್ಮ ಅಜ್ಜಿ ಜೀವನಪೂರ್ತಿ ಏಕಾದಶಿ ಉಪವಾಸ ಮಾಡಿದವರು. ನಾಳೆ ಯಾರೋ ಅವರ ಹೆಸರಿನಲ್ಲೂ ಮಾಡಿಬಿಟ್ಟರೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಈ ಆಚರಣೆ ಹುಟ್ಟಿದ್ದು ಒಂದು ಮನೆಯ ದುಃಖದಲ್ಲಿ. ಅದನ್ನು ಬಿಟ್ಟರೆ ಮಾರ್ಮನ್ನರ ಪರಲೋಕದ ಕಲ್ಪನೆಯೇ ತಿಳಿಯುವುದಿಲ್ಲ.

ಜೋಸೆಫ್ ಸ್ಮಿತ್‌ಗೆ ಆಲ್ವಿನ್ ಎಂಬ ದೊಡ್ಡಣ್ಣ ಇದ್ದ. 1823ರಲ್ಲಿ ತೀರಿಕೊಂಡ. ಬ್ಯಾಪ್ಟಿಸಂ ಆಗಿರಲಿಲ್ಲ. ಅಂತ್ಯಕ್ರಿಯೆಯಲ್ಲಿ ಪಾದ್ರಿ, ಈ ಹುಡುಗ ನರಕಕ್ಕೆ ಹೋಗಿದ್ದಾನೆ ಎಂಬ ಅರ್ಥ ಬರುವಂತೆ ಮಾತಾಡಿದರು, ಅಪ್ಪ ಅದನ್ನು ಕ್ಷಮಿಸಲಿಲ್ಲ ಎಂದು ಇನ್ನೊಬ್ಬ ತಮ್ಮ ವಿಲಿಯಂ ಹೇಳಿದ್ದಾನೆ. 1836ರಲ್ಲಿ ಒಹಾಯೊದ ಕರ್ಟ್‌ಲಂಡ್ ದೇವಾಲಯದಲ್ಲಿ ಜೋಸೆಫ್‌ಗೆ ಮತ್ತೊಂದು ದರ್ಶನವಾಯಿತು. ಮೇಲಿನ ಸ್ವರ್ಗದಲ್ಲಿ ಆಲ್ವಿನ್ ನಿಂತಿದ್ದ! ಬ್ಯಾಪ್ಟಿಸಂ ಇಲ್ಲದೆ ಇಲ್ಲಿಗೆ ಹೇಗೆ ಬಂದ ಎಂದು ಸ್ಮಿತ್ ಬೆರಗಾದರು. ಸಂದೇಶ ತಿಳಿಯದೆ ಸತ್ತವರು, ತಿಳಿದಿದ್ದರೆ ಒಪ್ಪುತ್ತಿದ್ದವರು, ಅವರಿಗೂ ಇದು ಸಿಗುತ್ತದೆ ಎಂಬ ಉತ್ತರ ಬಂತಂತೆ. ಎಂಟು ವರ್ಷ ತುಂಬುವ ಮುಂಚೆ ಸತ್ತ ಮಕ್ಕಳೆಲ್ಲ ಮೇಲಿನ ಲೋಕಕ್ಕೇ ಹೋಗುತ್ತಾರೆ ಎಂಬ ನಂಬಿಕೆಗೂ ಇದೇ ದರ್ಶನ ಆಧಾರ. ಸ್ಮಿತ್ ದಂಪತಿಯೇ ಎಷ್ಟೋ ಕೂಸುಗಳನ್ನು ಮಣ್ಣು ಮಾಡಿದ್ದರು.

1840ರ ಆಗಸ್ಟ್ 15ರಂದು ಇಲಿನಾಯ್ ರಾಜ್ಯದ ನೌವೂ ಎಂಬ ಊರಿನಲ್ಲಿ ಒಂದು ಅಂತ್ಯಕ್ರಿಯೆ ನಡೆಯಿತು. ಸತ್ತವರ ಪರವಾಗಿ ಬದುಕಿರುವವರು ನೀರಲ್ಲಿ ಮುಳುಗಿ ಬ್ಯಾಪ್ಟಿಸಂ ಪಡೆಯಬಹುದು ಎಂದು ಸ್ಮಿತ್ ಮೊದಲು ಬಹಿರಂಗವಾಗಿ ಹೇಳಿದ್ದು ಅಲ್ಲಿ. ಜನ ಕಾಯಲಿಲ್ಲ, ಮಿಸಿಸಿಪ್ಪಿ ನದಿಗೇ ಇಳಿದರು. ಅಣ್ಣ ಹೈರಂ ಆಲ್ವಿನ್‌ಗಾಗಿ ಮುಳುಗಿದ. ಈಗ ದೇವಾಲಯದೊಳಗೆ ಹನ್ನೆರಡು ಎತ್ತುಗಳ ವಿಗ್ರಹದ ಮೇಲೆ ನಿಂತ ದೊಡ್ಡ ತೊಟ್ಟಿಯಲ್ಲಿ ಇದು ನಡೆಯುತ್ತದೆ. ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಮುಳುಗಬೇಕು. ಹೆಚ್ಚಾಗಿ ಹದಿಹರೆಯದ ಮಕ್ಕಳೇ ಮಾಡುತ್ತಾರೆ.

ಅವರ ಸಮರ್ಥನೆ ಹೀಗೆ: ಸತ್ತ ಆತ್ಮಕ್ಕೆ ಇದು ಒಂದು ಅವಕಾಶ ಮಾತ್ರ. ಬೇಡ ಅಂದರೆ ಬೇಡ. ಆ ಹೆಸರು ಸದಸ್ಯರ ಪಟ್ಟಿಗೂ ಸೇರುವುದಿಲ್ಲ. ಆದರೆ ಕೇಳುವವರಿಗೆ ಅದು ಹಾಗೆ ಕೇಳುವುದಿಲ್ಲ, ಅಲ್ವಾ? ಯೆಹೂದಿ ಎಂಬ ಒಂದೇ ಕಾರಣಕ್ಕೆ ನಾಜಿಗಳು ಕೊಂದವರ ಹೆಸರಿನಲ್ಲಿ ಬ್ಯಾಪ್ಟಿಸಂ ಮಾಡಿದ್ದು ಬಯಲಾದಾಗ ಯೆಹೂದಿ ಸಂಘಟನೆಗಳು ಕೆರಳಿದವು. 1995ರಲ್ಲಿ ಇನ್ನು ಮಾಡುವುದಿಲ್ಲ ಎಂದು ಒಪ್ಪಂದವಾಯಿತು. ಆದರೂ 2012ರಲ್ಲಿ ಡೈರಿ ಬರೆದ ಯೆಹೂದಿ ಹುಡುಗಿ ಆನ್ ಫ್ರಾಂಕ್ ಹೆಸರು ಸಿಕ್ಕಿತು. ಗಾಂಧೀಜಿಯ ಹೆಸರೂ ಇತ್ತೆಂಬ ವರದಿ ಬಂದಿದ್ದು ಅದೇ ವರ್ಷ. ಈಗಿನ ನಿಯಮ ಬಿಗಿಯಾಗಿದೆ. ಸದಸ್ಯರು ತಮ್ಮ ಸ್ವಂತ ಪೂರ್ವಿಕರ, ಬಂಧುಗಳ ಹೆಸರನ್ನು ಮಾತ್ರ ಕೊಡಬೇಕು. ಹುಟ್ಟಿ 110 ವರ್ಷ ಆಗಿರದಿದ್ದರೆ ಹತ್ತಿರದ ಸಂಬಂಧಿಯ ಒಪ್ಪಿಗೆ ಬೇಕು. ನಿಮ್ಮ ವಂಶದಲ್ಲಿ ಯಾರೂ ಮಾರ್ಮನ್ ಆಗಿಲ್ಲದಿದ್ದರೆ, ನಿಯಮದ ಪ್ರಕಾರ ಅಜ್ಜಿಯ ಹೆಸರು ಅಲ್ಲಿಗೆ ಹೋಗಬಾರದು. ನನ್ನ ಅಭಿಪ್ರಾಯ ಕೇಳಿದರೆ, ಉದ್ದೇಶ ಒಳ್ಳೆಯದಾದರೂ ಬಾಯಿಲ್ಲದವರ ಪರ ಇನ್ನೊಬ್ಬರು ಮಾತಾಡುವುದು ಸರಿಯಲ್ಲ. ಈ ನಿಯಮಗಳು ಮೊದಲೇ ಬರಬೇಕಿತ್ತು.

ಈ ನಂಬಿಕೆಯಿಂದ ಬೇರೆಯವರಿಗೂ ಒಂದು ಲಾಭವಾಗಿದೆ. ಪೂರ್ವಿಕರ ಹೆಸರು ಬೇಕಾದರೆ ದಾಖಲೆ ಬೇಕಲ್ಲ? 1894ರಲ್ಲೇ ಅವರು ಯೂಟಾದಲ್ಲಿ ವಂಶಾವಳಿ ಸಂಘ ಕಟ್ಟಿದರು. ಲೋಕದ ತುಂಬ ಓಡಾಡಿ ಹಳೆಯ ದಾಖಲೆಗಳ ಮೈಕ್ರೋಫಿಲ್ಮ್ ತೆಗೆದರು. ಸಾಲ್ಟ್ ಲೇಕ್ ಸಿಟಿಯ ಹತ್ತಿರ ಗ್ರಾನೈಟ್ ಬೆಟ್ಟ ಕೊರೆದು ಅದನ್ನೆಲ್ಲ ಒಳಗಿಟ್ಟಿದ್ದಾರೆ. ಹರಿದ್ವಾರದ ಪಂಡಾಗಳ ವಂಶಾವಳಿ ಪುಸ್ತಕಗಳೂ ಅವರ ಸಂಗ್ರಹದಲ್ಲಿವೆ. ಫ್ಯಾಮಿಲಿಸರ್ಚ್ ಎಂಬ ಅವರ ಜಾಲತಾಣವನ್ನು ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು. ನಾವು ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹೇಳಲು ತಡವರಿಸುತ್ತೇವೆ. ಅವರು ಹತ್ತು ತಲೆಮಾರು ಹಿಂದಕ್ಕೆ ಹುಡುಕುತ್ತಾರೆ, ಏಕೆಂದರೆ ಮೇಲಿನ ಸ್ವರ್ಗಕ್ಕೆ ಕುಟುಂಬವೆಲ್ಲ ಸರಪಳಿಯಾಗಿ ಸೇರಬೇಕು ಎಂಬುದು ಅವರ ಹಂಬಲ. ಒಬ್ಬನೇ ಉದ್ಧಾರವಾಗಿ ಏನು ಪ್ರಯೋಜನ, ಮನೆಯವರು ಇಲ್ಲದ ಮೇಲೆ?

ಪ್ರಶ್ನೆ: ಅವರಲ್ಲಿ ಮದುವೆ ಸತ್ತ ಮೇಲೂ ಮುಂದುವರಿಯುತ್ತದಂತೆ. ಹಾಗಿದ್ದರೆ ಎರಡನೇ ಮದುವೆಯಾದವರ ಗತಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಒಳ್ಳೆಯ ಪ್ರಶ್ನೆ. ಮಾರ್ಮನ್ ಮನೆಗಳಲ್ಲೂ ಇದು ನೋವಿನ ಪ್ರಶ್ನೆಯೇ.

ಚರ್ಚಿನ ಮದುವೆಯಲ್ಲಿ ಸಾಮಾನ್ಯವಾಗಿ ಸಾವು ನಮ್ಮನ್ನು ಅಗಲಿಸುವ ತನಕ ಅನ್ನುತ್ತಾರೆ. ಮಾರ್ಮನ್ ದೇವಾಲಯದಲ್ಲಿ ಆ ಮಾತಿಲ್ಲ. ಕಾಲಕ್ಕೂ ಅನಂತಕ್ಕೂ ಎಂದು ಗಂಡ ಹೆಂಡತಿಯನ್ನು ಮುದ್ರೆ ಒತ್ತಿದಂತೆ ಬೆಸೆಯುತ್ತಾರೆ. ಆ ದಂಪತಿಗೆ ಹುಟ್ಟುವ ಮಕ್ಕಳೂ ಅದರಲ್ಲಿ ಸೇರುತ್ತಾರೆ. ಮೊದಲೇ ಹುಟ್ಟಿದ ಮಕ್ಕಳನ್ನು ಬೇರೆ ವಿಧಿಯಿಂದ ಸೇರಿಸುತ್ತಾರೆ. 1843ರ ಬೋಧನೆಯಂತೆ ಸೆಲೆಸ್ಟಿಯಲ್ ಲೋಕದೊಳಗೇ ಮತ್ತೆ ಮೂರು ಮೆಟ್ಟಿಲು. ತುತ್ತತುದಿಗೆ ಹೋಗಲು ಈ ಮದುವೆ ಬೇಕೇ ಬೇಕು.

ಎರಡನೇ ಮದುವೆಯಲ್ಲಿ ಗಂಡಿಗೊಂದು, ಹೆಣ್ಣಿಗೊಂದು ನಿಯಮ. ಹೆಂಡತಿ ಸತ್ತ ಗಂಡಸು ಎರಡನೆಯವಳೊಂದಿಗೂ ಅನಂತಕ್ಕೆ ಬೆಸೆದುಕೊಳ್ಳಬಹುದು. ಗಂಡ ಸತ್ತ ಹೆಂಗಸು ಮರುಮದುವೆ ಆಗಬಹುದು, ಆದರೆ ಬದುಕಿರುವ ತನಕ ಆ ಬೆಸುಗೆ ಒಬ್ಬನ ಜೊತೆ ಮಾತ್ರ. ಅವಳು ಸತ್ತ ಮೇಲೆ, ಬಾಳಿದ ಎಲ್ಲ ಗಂಡಂದಿರೊಂದಿಗೂ ಅವಳ ಹೆಸರಿನಲ್ಲಿ ವಿಧಿ ಮಾಡಬಹುದು. ಪರಲೋಕದಲ್ಲಿ ಇದೆಲ್ಲ ಹೇಗೆ ಬಗೆಹರಿಯುತ್ತದೆ ಎಂದು ಕೇಳಿದರೆ ದೇವರು ನ್ಯಾಯವಾಗಿಯೇ ಮಾಡುತ್ತಾನೆ ಅನ್ನುತ್ತಾರೆ ಹಿರಿಯರು. ಇಲ್ಲಿ ಹಳೆಯ ಬಹುಪತ್ನಿತ್ವದ ನೆರಳು ಕಾಣುತ್ತದೆ. 1890ರಲ್ಲಿ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಪ್ರಕಟಣೆ ಹೊರಡಿಸಿ ಬಹುಪತ್ನಿತ್ವವನ್ನು ಕೈಬಿಡುವ ದಾರಿ ಹಿಡಿದರು. ಈಗ ಯಾರಾದರೂ ಮಾಡಿದರೆ ಸಭೆಯಿಂದ ಹೊರಹಾಕುತ್ತಾರೆ. ಆದರೆ ಪರಲೋಕದ ಲೆಕ್ಕದಲ್ಲಿ ಅದು ಪೂರ್ತಿ ಅಳಿಸಿಹೋಗಿಲ್ಲ. ಇದು ಸರಿಯಲ್ಲ ಎಂದು ಮಾರ್ಮನ್ ಹೆಂಗಸರೇ ಬಹಿರಂಗವಾಗಿ ಬರೆಯುತ್ತಾರೆ.

ಮದುವೆಯೇ ಆಗದವರ ಕಥೆ? ತಮ್ಮ ತಪ್ಪಿಲ್ಲದೆ ಅವಕಾಶ ಸಿಗದವರಿಗೆ ಅಲ್ಲಿ ಏನೂ ಕಡಿಮೆಯಾಗುವುದಿಲ್ಲ ಎಂದು ಭರವಸೆ ಕೊಟ್ಟಿದ್ದಾರೆ.

ಪ್ರಶ್ನೆ: ಒಳ್ಳೆಯ ಮಾರ್ಮನ್ ಸತ್ತ ಮೇಲೆ ಅವನಿಗೆ ಸ್ವಂತ ಗ್ರಹ ಸಿಗುತ್ತದಾ?
– ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ಸೈಟು ಕೊಟ್ಟ ಹಾಗೆ ಗ್ರಹ ಹಂಚುವುದಿಲ್ಲ! ಇದು ಹೊರಗಿನವರ ತಮಾಷೆ. ಅದರ ಹಿಂದಿನ ನಂಬಿಕೆ ಮಾತ್ರ ಗಂಭೀರವಾದದ್ದು. 1844ರ ಏಪ್ರಿಲ್‌ನಲ್ಲಿ, ಕೊಲೆಯಾಗುವ ಮೂರು ತಿಂಗಳಿಗೂ ಕಡಿಮೆ ಮೊದಲು, ಕಿಂಗ್ ಫಾಲೆಟ್ ಎಂಬ ಸದಸ್ಯನ ನೆನಪಿನಲ್ಲಿ ಸ್ಮಿತ್ ಒಂದು ಭಾಷಣ ಮಾಡಿದರು. ದೇವರೂ ಒಂದು ಕಾಲಕ್ಕೆ ನಮ್ಮಂತೆ ಮನುಷ್ಯನಾಗಿದ್ದ, ನೀವೂ ದೇವರಂತಾಗುವುದನ್ನು ಕಲಿಯಬೇಕು ಎಂದರು. ಮೇಲಿನ ಮೆಟ್ಟಿಲೇರಿದ ದಂಪತಿ ದೇವರಂತೆ ಬೆಳೆಯುತ್ತಲೇ ಹೋಗುತ್ತಾರೆ, ಅವರ ಸಂತತಿ ನಿಲ್ಲುವುದಿಲ್ಲ ಎಂಬ ನಂಬಿಕೆ ಈಗಲೂ ಇದೆ. ಗ್ರಹದ ಚಿತ್ರವನ್ನು ಮಾತ್ರ ಸಭೆ ವ್ಯಂಗ್ಯಚಿತ್ರ ಎಂದು ತಳ್ಳಿಹಾಕಿದೆ. ಉಳಿದ ಅನೇಕ ಕ್ರೈಸ್ತ ಸಭೆಗಳು ಇವರನ್ನು ಕ್ರೈಸ್ತರೆಂದು ಒಪ್ಪದಿರಲು ಮುಖ್ಯ ಕಾರಣಗಳಲ್ಲಿ ಈ ಬೋಧನೆಯೂ ಒಂದು.

ಪ್ರಶ್ನೆ: ದೇಹವೇ ವಾಪಸ್ ಬರುವುದಾದರೆ ದಹನ ಮಾಡಿದವರ ಗತಿ ಏನು? ಬೆಂಗಳೂರಿನಲ್ಲಿ ಅವರ ದೇವಾಲಯ ಕಟ್ಟುತ್ತಿರುವ ಸುದ್ದಿ ಓದಿದೆ, ನಾವು ಒಳಗೆ ಹೋಗಬಹುದಾ?
– ಓದುಗರೊಬ್ಬರು, ತುಮಕೂರು

ಉತ್ತರ: ಬೂದಿಯಾದರೂ ಪುನರುತ್ಥಾನಕ್ಕೆ ಅಡ್ಡಿಯಿಲ್ಲ. ಮೊದಲಿನಿಂದ ಹೂಳುವುದೇ ರೂಢಿ, ಈಗ ಸುಡುವುದೋ ಹೂಳುವುದೋ ಎಂಬ ತೀರ್ಮಾನ ಮನೆಯವರದು. ದೇವಾಲಯದ ವಿಧಿ ಪಡೆದವರಿಗೆ ಸಾಧ್ಯವಾದರೆ ಅಲ್ಲಿನ ಬಿಳಿ ಉಡುಪು ಹಾಕಿಯೇ ಕಳಿಸಿಕೊಡುತ್ತಾರೆ.

ಬೆಂಗಳೂರಿನ ದೇವಾಲಯ ಭಾರತದಲ್ಲಿ ಅವರ ಮೊದಲನೆಯದು. 2018ರ ಏಪ್ರಿಲ್‌ನಲ್ಲಿ ಘೋಷಣೆಯಾಯಿತು, 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಪೂಜೆ ನಡೆಯಿತು. ಭಾನುವಾರದ ಪ್ರಾರ್ಥನಾ ಮಂದಿರಗಳೇ ಬೇರೆ, ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು. ದೇವಾಲಯದ ಪ್ರತಿಷ್ಠೆಗೆ ಮೊದಲು ಸ್ವಲ್ಪ ದಿನ ಎಲ್ಲರಿಗೂ ಬಾಗಿಲು ತೆರೆದಿಡುವುದು ಅವರ ಪದ್ಧತಿ. ಎತ್ತುಗಳ ಮೇಲಿನ ತೊಟ್ಟಿಯನ್ನೂ ಆಗ ನೋಡಬಹುದು. ಪ್ರತಿಷ್ಠೆ ಆದ ಮೇಲೆ ಸ್ಥಳೀಯ ಮುಖ್ಯಸ್ಥರ ಅನುಮತಿ ಚೀಟಿ ಇರುವ ಸದಸ್ಯರಿಗೆ ಮಾತ್ರ ಪ್ರವೇಶ.